ಗಾಳಿಯೂ ಕ್ಯಾನಿಗೆ ಇಳಿಯುವ ಮುನ್ನ

ದೀಪಾವಳಿಗೆ ಇನ್ನೂ ದಿನವಿದೆ. ಆಗಲೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಟಿ.ವಿ., ಫ್ರಿಜ್ಜುಗಳ ಪಕ್ಕಕ್ಕೆ ಒಂದು ಗಾಜಿನ ಪೆಟ್ಟಿಗೆ ಬಂದು ಕೂತಿದೆ. ಮೊನ್ನೆ ಅಂಥ ಒಂದು ಕಡೆ ನಿಂತು ನೋಡಿದೆವು. ಮಳಿಗೆಯ ಹುಡುಗ ಪೆಟ್ಟಿಗೆಯೊಳಗೆ ಊದುಬತ್ತಿ ಹಚ್ಚಿಟ್ಟ. ಹೊಗೆ ತುಂಬಿ ಮೀಟರಿನ ಕೆಂಪು ಅಂಕಿ 400 ದಾಟಿತು. ಏರ್ ಪ್ಯೂರಿಫೈಯರಿನ ಗುಂಡಿ ಒತ್ತಿದ. ನೋಡನೋಡುತ್ತಲೇ 200, 90, 30, ಕೊನೆಗೆ ಹಸಿರು ದೀಪದ ಜೊತೆ 8. ಕಂಕುಳಲ್ಲಿ ಮಗು ಇದ್ದ ತಾಯಿಯೊಬ್ಬರು ಕೇಳಿದರು: "ನಮ್ಮ ಹಾಲ್‌ಗೆ ಇದು ಸಾಕಾಗತ್ತಾ?"

"ಧಾರಾಳವಾಗಿ ಮೇಡಂ. 400 ಸ್ಕ್ವೇರ್ ಫೀಟ್‌ವರೆಗೂ ಯೋಚನೆನೇ ಇಲ್ಲ."

ಗಾಜಿನ ಪೆಟ್ಟಿಗೆ ಉದ್ದಗಲ ಮೂರು ಅಡಿ ಇದ್ದರೆ ಹೆಚ್ಚು. ಆ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ದಿಲ್ಲಿಯಲ್ಲಿ ನವೆಂಬರ್ ಬಂತೆಂದರೆ ಈ ಯಂತ್ರ ಸ್ವೆಟರು, ಗೀಸರುಗಳ ಜೊತೆಗೇ ಮನೆ ಸೇರುತ್ತದೆ. ಬೆಂಗಳೂರು ಆ ಸ್ಥಿತಿಗೆ ಇನ್ನೂ ಬಂದಿಲ್ಲ. ಪಿಎಂ 2.5 ಎನ್ನುವ ನುಣ್ಣನೆಯ ದೂಳು, ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಅದಕ್ಕೆ ನಮ್ಮ ದೇಶ 2009ರಲ್ಲಿ ಹಾಕಿಕೊಂಡ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5. ಬೆಂಗಳೂರಿನ ಸರಾಸರಿ ಇವೆರಡರ ನಡುವೆ ಓಡಾಡುತ್ತಿದೆ. ಸರ್ಕಾರದ ಲೆಕ್ಕದಲ್ಲಿ ಪಾಸು, ಶ್ವಾಸಕೋಶದ ಲೆಕ್ಕದಲ್ಲಿ ಫೇಲು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿರುವುದು ಇನ್ನೂ ದಪ್ಪ ದೂಳಿನ ದೆಸೆಯಿಂದ: ಅಗೆದು ಬಿಟ್ಟ ರಸ್ತೆ, ಹೊದಿಕೆಯಿಲ್ಲದೆ ಓಡುವ ಮರಳು ಲಾರಿ, ಕಟ್ಟಡ ಒಡೆದ ಮಣ್ಣು.

ಹೀಗೆ ಅರ್ಧ ಕೆಟ್ಟಿರುವಾಗಲೇ ಎಚ್ಚರಿಸಬೇಕೆನ್ನಿಸಿತು. ನೀರಿನ ಕಥೆ ನೆನಪು ಮಾಡಿಕೊಳ್ಳಿ. ಮೊದಲು ಅಡುಗೆಮನೆಯ ಗೋಡೆಗೆ ಫಿಲ್ಟರ್ ಬಂತು, ಆಮೇಲೆ ಆರ್‌ಒ, ಆಮೇಲೆ ಬಾಗಿಲಿಗೆ 20 ಲೀಟರಿನ ಕ್ಯಾನು. ಕ್ಯಾನು ಬಂದ ಮನೆಯವರು ನಲ್ಲಿ ನೀರು ಕಲಂಕಾಗಿದೆ ಎಂದು ಆಫೀಸಿಗೆ ಅಲೆಯುವುದನ್ನು ಬಿಟ್ಟರು. ಗದ್ದಲ ಮಾಡುವ ಶಕ್ತಿ ಇದ್ದವರು ದುಡ್ಡು ಕೊಟ್ಟು ಸುಮ್ಮನಾದರು. ದುಡ್ಡಿಲ್ಲದವರ ದೂರು ಯಾರಿಗೂ ಕೇಳಿಸಲಿಲ್ಲ. ಗಾಳಿಯೂ ಅದೇ ದಾರಿ ಹಿಡಿಯುವ ಲಕ್ಷಣ ಕಾಣುತ್ತಿದೆ. ಒಂದು ವ್ಯತ್ಯಾಸವಿದೆ. ಕುಡಿಯುವ ನೀರನ್ನು ಬಾಟಲಿಯಲ್ಲಿ ಶಾಲೆಗೆ ಕಳಿಸಬಹುದು, ಗಾಳಿಯನ್ನು ಕಳಿಸಲಾಗದು.

ಹಾಗೆಂದು ಯಂತ್ರವನ್ನು ಮನೆಗೆ ಸೇರಿಸಲೇಬೇಡಿ ಎನ್ನುವ ಹಟ ನಮಗಿಲ್ಲ. ಉಬ್ಬಸದ ಮಗು, ಹೃದ್ರೋಗಿ, ಇನ್‌ಹೇಲರ್ ತಲೆದಿಂಬಿನಡಿ ಇಟ್ಟುಕೊಂಡೇ ಮಲಗುವ ಅಜ್ಜ ಇರುವ ಮನೆಗೆ, ಪೀಣ್ಯದಂಥ ಕಡೆ ಮುಖ್ಯರಸ್ತೆಗೇ ಕಿಟಕಿ ತೆರೆಯುವ ಮನೆಗೆ ಒಳ್ಳೆಯ ಪ್ಯೂರಿಫೈಯರ್ ನಿಜಕ್ಕೂ ಉಪಕಾರಿ. ಹೆಪಾ ಎಂಬ ಫಿಲ್ಟರ್ ಗಟ್ಟಿ ಕೆಲಸಗಾರ. ಅಮೆರಿಕದ ಅಳತೆಯಲ್ಲಿ, 0.3 ಮೈಕ್ರಾನಿನ ನೂರು ಕಣ ಬಂದರೆ 99.97ನ್ನು ಹಿಡಿದರಷ್ಟೇ ಅದಕ್ಕೆ ಆ ಹೆಸರು. "ಹೆಪಾ ಟೈಪ್", "ಹೆಪಾ ಲೈಕ್" ಎಂದು ಡಬ್ಬದ ಮೇಲೆ ಬರೆದಿದ್ದರೆ ಅದು ಹೆಪಾ ಅಲ್ಲ ಎಂದೇ ತಿಳಿಯಿರಿ.

ಫಿಲ್ಟರಿಗಿಂತ ಮುಖ್ಯವಾದದ್ದು ಅದರ ಮೂಲಕ ಗಂಟೆಗೆ ಎಷ್ಟು ಗಾಳಿ ಹಾಯುತ್ತದೆ ಎನ್ನುವುದು. ಡಬ್ಬದ ಮೇಲೆ ಸಿಎಡಿಆರ್ ಎಂಬ ಅಂಕಿ ಇರುತ್ತದೆ, ಗಂಟೆಗೆ ಯಂತ್ರ ಕೊಡುವ ಶುದ್ಧ ಗಾಳಿಯ ಘನ ಮೀಟರು ಅದು. ಕಾಗದ ಪೆನ್ಸಿಲ್ ತೆಗೆದುಕೊಂಡು ಹೋಗಿ. ಹತ್ತಕ್ಕೆ ಹನ್ನೆರಡಡಿಯ ಮಲಗುವ ಕೋಣೆ, ಹತ್ತಡಿ ಎತ್ತರ ಎಂದಿಟ್ಟುಕೊಂಡರೆ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರು. ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಸೋಸಿ ಬರಬೇಕು. ಅಂದರೆ 170 ಸಿಎಡಿಆರ್. ಆ ತಾಯಿಯ 400 ಚದರಡಿಯ ಹಾಲ್‌ಗೆ ಇದೇ ಲೆಕ್ಕ ಹಾಕಿದರೆ 560 ದಾಟುತ್ತದೆ. ಹುಡುಗ ತೋರಿಸಿದ ಯಂತ್ರದ ಮೇಲೆ ಇದ್ದದ್ದು 300; ಆ ಹಾಲಿನಲ್ಲಿ ಅದು ಗಂಟೆಗೆ ಮೂರು ಸಲವೂ ಗಾಳಿ ಸೋಸಲಾರದು. ಅದೂ ಫ್ಯಾನು ಪೂರ್ತಿ ವೇಗದಲ್ಲಿ ಓಡಿದರೆ. ಆ ವೇಗದ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು ಎಲ್ಲರೂ ರಾತ್ರಿ ಸ್ಲೀಪ್ ಮೋಡಿಗೆ ಹಾಕುತ್ತಾರೆ. ಆಗ ಡಬ್ಬದ ಮೇಲಿನ ಅಂಕಿ ಡಬ್ಬದಲ್ಲೇ ಉಳಿಯುತ್ತದೆ. ಆದ್ದರಿಂದ ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಕೊಂಡು ಮೆಲ್ಲಗೆ ಓಡಿಸುವುದು ಜಾಣತನ. ಹಾಲು, ತೆರೆದ ಅಡುಗೆಮನೆ, ಪ್ಯಾಸೇಜು ಎಲ್ಲಕ್ಕೂ ಒಂದೇ ಯಂತ್ರ ಎನ್ನುವ ಆಸೆ ಬಿಡಿ. ಎಂಟು ಗಂಟೆ ಕಳೆಯುವ ಮಲಗುವ ಕೋಣೆ ಒಂದನ್ನು ನೋಡಿಕೊಂಡರೆ ಸಾಕು.

ಖರ್ಚು ಬಿಲ್ಲಿನ ದಿನಕ್ಕೆ ಮುಗಿಯುವುದಿಲ್ಲ. 50 ವಾಟಿನ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್ಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಯವರು, ಅದರಲ್ಲೂ 200 ಯೂನಿಟ್ಟಿನ ಅಂಚಿನಲ್ಲಿರುವವರು ಇದನ್ನು ಮರೆಯಬಾರದು. 200 ದಾಟಿದ ತಿಂಗಳು ಪೂರ್ತಿ ಬಿಲ್ಲೂ ನಿಮ್ಮ ತಲೆಗೇ. ಬದಲಿ ಫಿಲ್ಟರಿನ ಬೆಲೆಯನ್ನು ಯಂತ್ರದ ಬೆಲೆಗಿಂತ ಮೊದಲೇ ಕೇಳಿ.

ಇನ್ನೊಂದು ಮಾತು, ನಗುವಂಥದ್ದು. ನಮ್ಮ ಹತ್ತಿರದ ಸಂಬಂಧಿಕರ ಮನೆಯಲ್ಲಿ ನಾಲ್ಕು ತಿಂಗಳು ಓಡಿದ ಪ್ಯೂರಿಫೈಯರನ್ನು ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಫಿಲ್ಟರು ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಚೀಲದೊಳಗೇ ಮದುವಣಗಿತ್ತಿಯ ಹಾಗೆ ಹೊಸದಾಗಿ ಕೂತಿತ್ತು. ಹಸಿರು ದೀಪ ಅಷ್ಟೂ ದಿನ ಉರಿಯುತ್ತಲೇ ಇತ್ತು. "ಅದನ್ನ ಹಾಕಿದ ಮೇಲೆ ಕೆಮ್ಮು ಎಷ್ಟೋ ಕಮ್ಮಿಯಾಯ್ತು ಕಣೋ" ಎಂದು ದೊಡ್ಡಮ್ಮ ಎಲ್ಲರಿಗೂ ಹೇಳಿಯೂ ಆಗಿತ್ತು.

ಆದರೆ ನಿಜವಾದ ಆತಂಕ ಬೇರೆ ಕಡೆ ಇದೆ. ಮಳಿಗೆಯಲ್ಲಿ ಆ ತಾಯಿ ಕೇಳಿದ ಎರಡನೇ ಪ್ರಶ್ನೆ: "ರಾತ್ರಿ ಸೊಳ್ಳೆ ಬತ್ತಿ ಹಚ್ತೀವಿ. ಆ ಹೊಗೆನೂ ಎಳ್ಕೊಳತ್ತಾ?" ಹುಡುಗ ಹೂಂ ಎಂದ. ಸುಳ್ಳಲ್ಲ, ಒಂದಿಷ್ಟು ಎಳೆದುಕೊಳ್ಳುತ್ತದೆ. ಆದರೆ ಒಂದು ಸೊಳ್ಳೆ ಬತ್ತಿಯ ಸುರುಳಿ ಪೂರ್ತಿ ಉರಿದರೆ ಹೊರಬೀಳುವ ಪಿಎಂ 2.5, 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಪಕ್ಕದಲ್ಲಿ ಯಂತ್ರ ಓಡಿಸುವುದು ತೂತು ಕೊಡಕ್ಕೆ ನೀರು ಸೇದಿದ ಹಾಗೆ. ಸಾವಿರಗಟ್ಟಲೆ ಕೊಟ್ಟು ಯಂತ್ರ ತರುವ ಮೊದಲು ಕಿಟಕಿಗೆ ಜಾಲರಿ ಹಾಕಿಸಿ, ಸೊಳ್ಳೆ ಪರದೆ ಕಟ್ಟಿ. ಶುಕ್ರವಾರದ ಸಾಂಬ್ರಾಣಿ ಬಿಡಿ ಎಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ನಮ್ಮ ಮನೆಯಲ್ಲೂ ಒಪ್ಪಿಲ್ಲ. ಆ ಹೊತ್ತಿಗೆ ಬಾಗಿಲು ಕಿಟಕಿ ತೆರೆದಿಡುವುದಕ್ಕೆ ದೇವರದ್ದೇನೂ ತಕರಾರಿಲ್ಲ. ಒಣಮೆಣಸಿನ ಒಗ್ಗರಣೆಯ ಘಾಟಿಗೆ ಎಕ್ಸಾಸ್ಟ್ ಫ್ಯಾನೇ ಮದ್ದು. ಅಡುಗೆಮನೆಗೆ ಚಿಮಣಿ ಹಾಕಿಸಿದ್ದೀರಾದರೆ ಅದರ ಕೊಳವೆ ಗೋಡೆಯಾಚೆ ಹೋಗಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಅದು ಜಿಡ್ಡನ್ನು ಹಿಡಿದು ಉಳಿದದ್ದನ್ನು ಅಲ್ಲೇ ಒಳಗೆ ಬಿಡುತ್ತಿರುತ್ತದೆ.

ಗ್ಯಾಸ್ ಒಲೆಯ ನೈಟ್ರೋಜನ್ ಡೈಆಕ್ಸೈಡನ್ನು ಹೆಪಾ ಹಿಡಿಯುವುದಿಲ್ಲ. ಹೊಸ ಪೇಂಟು, ಪ್ಲೈವುಡ್ಡಿನ ಕಮಟಿಗೆ ಇದ್ದಿಲಿನ ಫಿಲ್ಟರು ಬೇಕು, ಅದೂ ದಪ್ಪನಾಗಿರಬೇಕು. ಕಪ್ಪು ಪುಡಿ ಉದುರಿಸಿದ ಸ್ಪಂಜಿನಂಥ ಹಾಳೆ ಬೇಗ ಸೋಲುತ್ತದೆ. ನಾಲ್ಕು ಜನ ಮುಚ್ಚಿದ ಕೋಣೆಯಲ್ಲಿ ಮಲಗಿದರೆ ಏರುವ ಇಂಗಾಲದ ಡೈಆಕ್ಸೈಡಿಗೆ ಕಿಟಕಿಯ ಹೊರತು ಬೇರೆ ಉಪಾಯವಿಲ್ಲ. ಅಯಾನೈಸರ್, ಓಝೋನ್ ಎಂದು ಹೊಗಳಿಕೊಳ್ಳುವ ಯಂತ್ರಗಳಿಂದ ದೂರವಿರಿ, ಓಝೋನೇ ಶ್ವಾಸನಾಳವನ್ನು ಕೆರಳಿಸುವ ಅನಿಲ. ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನಿನ ಮಿತಿಯನ್ನೇ ಹಾಕಿದೆ. ಇನ್ನು ಮನಿಪ್ಲಾಂಟು, ಸ್ನೇಕ್ ಪ್ಲಾಂಟು ಕಣ್ಣಿಗೆ ತಂಪು, ಅಷ್ಟೇ. ಅವುಗಳಿಂದಲೇ ಗಾಳಿ ಶುದ್ಧವಾಗಬೇಕಾದರೆ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿತ್ತು. ಮಂಚ ಎಲ್ಲಿ ಹಾಕುವುದು?

ಮಳಿಗೆಯಿಂದ ಹೊರಬಂದರೆ ಎದುರಿನ ಖಾಲಿ ಸೈಟಿನಲ್ಲಿ ಕಸದ ರಾಶಿ ಹೊಗೆಯಾಡುತ್ತಿತ್ತು. ಒಣಗಿದ ಎಲೆ, ಹಾಲಿನ ಪ್ಯಾಕೆಟ್ಟು, ಥರ್ಮೋಕೋಲು. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು 2016ರ ಡಿಸೆಂಬರಿನಲ್ಲಿ. ಆ ಮೊಕದ್ದಮೆ ಹೂಡಿದ್ದವರು ನಮ್ಮ ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್. 5,000 ರೂಪಾಯಿ ಎಂದರೆ ಹೆಚ್ಚುಕಡಿಮೆ ಒಂದೆರಡು ಬದಲಿ ಫಿಲ್ಟರಿನ ಬೆಲೆ. ಫಿಲ್ಟರಿನ ಬಿಲ್ಲು ಇನ್ನು ಮುಂದೆ ಮನೆಮನೆಯಲ್ಲೂ ಸಿಗುತ್ತದೆ. ಆ ದಂಡದ ರಸೀದಿಯನ್ನು ನಿಮ್ಮ ಬೀದಿಯಲ್ಲಿ ಯಾರಾದರೂ ಕಂಡಿದ್ದಾರೆಯೇ?