ಪತ್ತೆಯ ಕೂಲಿ

ಗ್ಯಾರೇಜಿನಿಂದ ಬರುವ ಬಿಲ್ಲನ್ನು ಒಮ್ಮೆ ಗಮನವಿಟ್ಟು ಓದಿ. ಹಾಕಿದ ಸಾಮಾನಿಗೆ ಒಂದು ಸಾಲು, ಬಿಚ್ಚಿ ಕೂರಿಸಿದ ಲೇಬರ್‌ಗೆ ಒಂದು ಸಾಲು, ಅದರ ಮೇಲೆ ಜಿಎಸ್‌ಟಿ. ಗಾಡಿಗೆ ಏನಾಗಿತ್ತು ಎಂದು ಕಂಡುಹಿಡಿದದ್ದಕ್ಕೆ ಬಹುಪಾಲು ಬಿಲ್ಲುಗಳಲ್ಲಿ ಸಾಲೇ ಇರುವುದಿಲ್ಲ. ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆಯಿಟ್ಟು ಯೋಚಿಸಿದ್ದೆಲ್ಲ ಬಿಟ್ಟಿ ಚಾಕರಿ. ರಿಪೇರಿ ಎನ್ನುವುದೇ ಕ್ಷೀಣಿಸುತ್ತಿದೆ ಎಂದು ಕೊರಗುವವರು ಕಂಪನಿಗಳ ಲಾಭಕೋರತನವನ್ನೋ, ಅಗ್ಗದ ಮಾಲನ್ನೋ, ಬಳಸಿ ಬಿಸಾಡುವ ನಮ್ಮ ಹೊಸ ಚಾಳಿಯನ್ನೋ ದೂರುತ್ತಾರೆ. ಆ ದೂರಿನಲ್ಲಿ ಹುರುಳಿದೆ. ಆದರೆ ತೊಂದರೆಯ ಬೇರು ಇನ್ನೂ ಹತ್ತಿರದಲ್ಲಿದೆ ಎಂಬುದು ನನ್ನ ನಂಬಿಕೆ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ಪತ್ತೆಗೆ ಕೊಡುವುದಿಲ್ಲ. ಕೂಲಿ ಹುಟ್ಟದ ಕೆಲಸವನ್ನು ಯಾವ ಕಸುಬುದಾರನೂ ಬಹಳ ಕಾಲ ಮಾಡಲಾರ.

ಸೆಲ್ಫ್ ಹೊಡೆಯದ ಸಣ್ಣ ಕಾರನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಹತ್ತುತ್ತವೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡಿ ಹೇಗೋ ಗ್ಯಾರೇಜು ಮುಟ್ಟಿಸಿದರೆ ಅಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಸೆಲ್ಫ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ.” ಮಾರುತಿ 800ರಂಥ ಗಾಡಿಯಲ್ಲಿ ಅದು ಕಷ್ಟದ ಕೆಲಸವೂ ಅಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಸೆಲ್ಫಿನ ದಪ್ಪ ಕೇಬಲ್ಲಿನ ನಟ್ಟು ಬಿಚ್ಚಿ, ಕೀ ಕಡೆಯಿಂದ ಬರುವ ಸಣ್ಣ ವೈರನ್ನು ಕಿತ್ತು, ಗೇರ್‌ಬಾಕ್ಸಿನ ಮಗ್ಗುಲಲ್ಲಿ ಅದನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದರೆ ಮೋಟರು ಕೈಗೆ ಬರುತ್ತದೆ. ಕೈ ಪಳಗಿದ ಹುಡುಗನಿಗೆ ಒಂದು ಗಂಟೆಯೂ ಬೇಡ. ಬದಲಾಯಿಸುವುದು ಇಷ್ಟು ಸುಲಭವಾಗಿರುವುದರಿಂದಲೇ ಪತ್ತೆ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಸೆಲ್ಫು ಒಂದು ಸಾಮಾನ್ಯ ವಸ್ತುವಲ್ಲ. ಅದಕ್ಕೆ ಮುಂಚೆ ಎಂಜಿನ್ನಿನ ಮೂತಿಗೆ ಹ್ಯಾಂಡಲ್ ಕೊಟ್ಟು ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ದವಡೆ ಒಡೆಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಾಗ ಆ ಅಪಾಯ ತಪ್ಪಿತು. ಎಂಜಿನ್ ತಿರುಗಿಸುವಷ್ಟು ಬಲದ ಮೋಟರು ಕಾರಿನೊಳಗೆ ಹಿಡಿಸಲಾರದಷ್ಟು ದೊಡ್ಡದಾಗುತ್ತದೆ ಎಂದು ಆಗ ಅನೇಕರು ನಂಬಿದ್ದರು. ಕೆಟರಿಂಗ್ ಹಿಂದೆ ಅಂಗಡಿಯ ನಗದು ಯಂತ್ರಕ್ಕೆ ಮೋಟರು ಕೂರಿಸಿದ್ದವರು. ಕ್ಷಣಕಾಲ ಮಾತ್ರ ದುಡಿಯುವ ಮೋಟರಿನ ಮೇಲೆ ಅದರ ಗಾತ್ರಕ್ಕೆ ಮೀರಿದ ಹೊರೆ ಹೊರಿಸಬಹುದೆಂದು ಅವರಿಗೆ ಗೊತ್ತಿತ್ತು. ಇಂದಿಗೂ ಸೆಲ್ಫು ಅದೇ ಲೆಕ್ಕದ ಮೇಲೆ ನಿಂತಿದೆ. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಆರಲು ಬಿಡಿ ಎಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ.

ಅದರ ಹೆಗಲ ಮೇಲೆ ಕೂತಿರುವ ಸಣ್ಣ ಉರುಳೆಯೇ ಸೊಲೆನಾಯ್ಡ್. ಕೀ ತಿರುಗಿಸಿದಾಗ ಅದರೊಳಗಿನ ಎರಡು ಸುರುಳಿಗಳಿಗೆ ಕರೆಂಟ್ ಹೋಗುತ್ತದೆ. ಒಂದು ಎಳೆಯುವ ಸುರುಳಿ, ಇನ್ನೊಂದು ಹಿಡಿದಿಡುವ ಸುರುಳಿ. ಎರಡೂ ಸೇರಿ ನಡುವಿನ ಕಬ್ಬಿಣದ ದಿಂಡನ್ನು ಎಳೆದಾಗ ಒಂದು ಕವಲುಗೋಲು ಬೆಂಡಿಕ್ಸ್ ಗೇರನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿನ ಹಲ್ಲಿಗೆ ಕಚ್ಚಿಸುತ್ತದೆ. ಅದೇ ಎಳೆತದಲ್ಲಿ ದಿಂಡಿನ ಇನ್ನೊಂದು ತುದಿ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟುಗಳ ಮೇಲೆ ಒತ್ತುತ್ತದೆ, ಬ್ಯಾಟರಿಯ ಪೂರ್ತಿ ಬಲ ಮೋಟರಿಗೆ ಹರಿಯುತ್ತದೆ. ಎಳೆಯುವ ಸುರುಳಿಗೆ ಅರ್ಥ್ ಸಿಗುವುದು ಮೋಟರಿನ ಮೂಲಕವೇ. ಬಿಲ್ಲೆ ಕೂತ ಕೂಡಲೇ ಅದರ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಆಗಿ ಅದು ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ಹಿಡಿದಿಡುವ ಸುರುಳಿಯೊಂದೇ ಸಾಕಾಗುತ್ತದೆ.

ಇಷ್ಟು ತಿಳಿದವನಿಗೆ ಕೆಟ್ಟ ಗಾಡಿ ತಾನೇ ಬಾಯಿಬಿಡುತ್ತದೆ. ಬ್ಯಾಟರಿ ಸೊರಗಿದ್ದರೆ ಬಿಲ್ಲೆ ಕೂತು ಮೋಟರು ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಹಿಡಿದಿಡುವ ಸುರುಳಿ ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಟಕಟಕಟಕ ಎಂಬ ಸದ್ದು ಹುಟ್ಟುವುದು ಹೀಗೆ, ಆಗ ಸೆಲ್ಫನ್ನು ಮುಟ್ಟುವುದೇ ತಪ್ಪು. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಮುಂದೇನೂ ಆಗದಿದ್ದರೆ, ದಿಂಡು ತನ್ನ ಕೆಲಸ ಮಾಡಿದೆ, ಬಿಲ್ಲೆ ಸುಟ್ಟಿದೆಯೋ ಮೋಟರು ಸಿಕ್ಕಿಕೊಂಡಿದೆಯೋ ನೋಡಬೇಕು. ಸದ್ದೇ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್ಚು, ರಿಲೇ, ಆ ಸಣ್ಣ ವೈರು. ಕಾರ್ಬನ್ ಬ್ರಷ್ ಪೂರ್ತಿ ಸವೆದಿದ್ದರೂ ಎಳೆಯುವ ಸುರುಳಿಗೆ ಅರ್ಥ್ ಸಿಗದೆ ಸದ್ದು ಅಡಗಬಹುದು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡುವುದು ಇನ್ನೂ ಸರಳ. ಬೆಳಕು ಪೂರಾ ಮಂಕಾದರೆ ಬ್ಯಾಟರಿಯ ಕಡೆಗೆ ಅನುಮಾನ, ಕಿಂಚಿತ್ತೂ ಕುಗ್ಗದಿದ್ದರೆ ಕರೆಂಟು ಮೋಟರನ್ನು ತಲುಪುತ್ತಲೇ ಇಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ, ಕಣ್ಣು ಕಿವಿ ಸಾಕು.

ಕಣ್ಣು ಕಿವಿಗೆ ಸಿಗದ ತೊಂದರೆ ಒಂದಿದೆ, ಅತಿ ಹೆಚ್ಚು ಸೆಲ್ಫ್ ಮೋಟರುಗಳು ವೃಥಾ ಗುಜರಿ ಸೇರುವುದು ಅದರಿಂದಲೇ ಎಂದು ನನ್ನ ಊಹೆ. ಎಂಜಿನ್ ತಿರುಗಿಸುವಾಗ ಸಣ್ಣ ಪೆಟ್ರೋಲ್ ಕಾರಿನ ಸೆಲ್ಫೂ 100 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಗೇರ್‌ಬಾಕ್ಸಿಗೂ ಹೋಗುವ ಅರ್ಥ್ ಪಟ್ಟಿಯ ತುದಿಯಲ್ಲಿ ತುಕ್ಕು ಕೂತು 0.02 ಓಮ್ ಪ್ರತಿರೋಧ ಹುಟ್ಟಿತೆನ್ನಿ. ಗುಣಿಸಿದರೆ 2 ವೋಲ್ಟ್. ಬ್ಯಾಟರಿಯಿಂದ ಹೊರಟ ಬಲದಲ್ಲಿ ಅಷ್ಟು ದಾರಿಯಲ್ಲೇ ಸೋರಿಹೋಯಿತು. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇಂಥ ತುಕ್ಕು ಹಿಡಿಯುವುದು ಯಾವ ದೊಡ್ಡ ಮಾತು? ಮೀಟರನ್ನು ಓಮ್‌ಗೆ ಇಟ್ಟು ಆ ಪಟ್ಟಿಯನ್ನು ಪರೀಕ್ಷಿಸಿದರೆ ಅದು ‘ಸರಿಯಾಗಿದೆ’ ಎಂದೇ ತೋರಿಸುತ್ತದೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿನ ಚೂರು ಕರೆಂಟು ಆರಾಮಾಗಿ ಹರಿದುಬಿಡುತ್ತದೆ. ಹೊರೆ ಬಿದ್ದಾಗಲೇ ಅಳೆಯಬೇಕು. ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಇನ್ನೊಂದು ಸೆಲ್ಫಿನ ಮೈಗೆ. ಒಬ್ಬರು ಕೀ ಹಿಡಿದಿರಬೇಕು, ಇನ್ನೊಬ್ಬರು ಅಂಕಿ ಓದಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಸಿಕ್ಕಿಬಿದ್ದ. ನಟ್ಟು ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿದರೆ ಮುಗಿಯಿತು.

ಈ ಪತ್ತೆಗೆ ಆ ಮೆಕ್ಯಾನಿಕ್ ಎಷ್ಟು ಕೇಳಬಹುದು? ನೂರಿನ್ನೂರು ಕೇಳಿದರೂ “ಬರೀ ವೈರ್ ಉಜ್ಜಿದ್ದಕ್ಕಾ?” ಎಂದು ಗಿರಾಕಿ ಹುಬ್ಬೇರಿಸುತ್ತಾನೆ. ಅದೇ ಮನುಷ್ಯ ಹೊಸ ಮೋಟರಿಗೆ ಸಾವಿರಗಟ್ಟಲೆ ಎಣಿಸಿ ಕೊಡುವಾಗ ಚಕಾರವೆತ್ತುವುದಿಲ್ಲ, ಕೈಗೆ ಒಂದು ವಸ್ತು ಬಂದಿದೆಯಲ್ಲ. ವೈದ್ಯರು ನಾಡಿ ನೋಡಿ ಮಾತ್ರೆ ಬೇಡ, ನಾಲ್ಕು ದಿನ ಉಪ್ಪು ಕಮ್ಮಿ ಮಾಡಿ ಎಂದರೂ ಅವರ ಫೀಜನ್ನು ಮೇಜಿನ ಮೇಲಿಟ್ಟು ಬರುವ ನಮಗೆ, ಎಣ್ಣೆಗೈಯವನ ಯೋಚನೆಗೂ ಬೆಲೆಯಿದೆ ಎಂದು ಯಾಕೆ ಅನ್ನಿಸುವುದಿಲ್ಲ? ಪತ್ತೆ ಮಾಡಿದವನಿಗೆ ನಷ್ಟ, ಸಾಮಾನು ಬದಲಿಸಿದವನಿಗೆ ಲಾಭ ಎಂಬ ಏರ್ಪಾಡನ್ನು ಕಟ್ಟಿದವರು ನಾವೇ. ಆಮೇಲೆ ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎಂದು ಗೊಣಗುವುದು ನ್ಯಾಯವಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು ನೋಡಿದವರಿಗೆ ನಮ್ಮಲ್ಲಿ ಸಾಮಾನಿಗೆ ಬರವಿಲ್ಲ ಎಂಬುದು ಗೊತ್ತು. ಬರವಿರುವುದು ಮೋಟರು ಬಿಚ್ಚಿ ಓದಬಲ್ಲವರಿಗೆ. ಅಂಥವರೊಬ್ಬರ ಬೆಂಚಿನ ಪಕ್ಕ ನಾನು ನಿಂತು ನೋಡಿದ್ದೇನೆ. ವೈಸಿಗೆ ಕಚ್ಚಿಸಿದ ಸೆಲ್ಫಿನ ಹಿಂಬದಿಯ ಮುಚ್ಚಳ ತೆಗೆದೊಡನೆ ಕಾಡಿಗೆಯಂಥ ಕಾರ್ಬನ್ ಪುಡಿ ಕಾಗದದ ಮೇಲೆ ಸುರಿಯಿತು. ಬ್ರಷ್‌ಗಳನ್ನು ಸ್ಪ್ರಿಂಗಿನಿಂದ ಬಿಡಿಸಿ ಉಗುರಿನ ಮೇಲಿಟ್ಟು ಉದ್ದ ನೋಡಿದರು, ಇನ್ನೂ ಜೀವವಿತ್ತು. ಆರ್ಮೇಚರನ್ನು ಹೊರಗೆಳೆದು ಬೆಳಕಿಗೆ ಹಿಡಿದು ತಿರುಗಿಸಿದಾಗ ಅದರ ಮೈಯಲ್ಲಿ ಒಂದು ಕಡೆ ಕಬ್ಬಿಣ ಹೊಳೆಯುತ್ತಿತ್ತು. “ನೋಡಿ ಸಾರ್, ಬುಷ್ ಸವೆದು ಆರ್ಮೇಚರ್ ಕೆಳಕ್ಕೆ ಕೂತೈತೆ. ಬಾಡಿಗೆ ಉಜ್ಕೊಂಡು ತಿರುಗ್ತಾ ಇತ್ತು, ಅದಕ್ಕೇ ಎಳೀತಿರ್ಲಿಲ್ಲ. ಮೋಟ್ರು ಚೆನ್ನಾಗೈತೆ.” ಬೆರಳಿಗಿಂತ ಚಿಕ್ಕದಾದ ಎರಡು ಹಿತ್ತಾಳೆ ಬಳೆ ಬದಲಾಯಿಸಿ, ಕಮ್ಯುಟೇಟರ್‌ನ ತಾಮ್ರವನ್ನು ನಯಮಾಡಿ, ಪಟ್ಟಿಗಳ ನಡುವಿನ ಸಂದನ್ನು ಹ್ಯಾಕ್‌ಸಾ ಬ್ಲೇಡಿನ ಚೂರಿನಿಂದ ಬಿಡಿಸಿ ಜೋಡಿಸಿದರು. ಬೆಂಚಿನ ಮೇಲೆ ಬ್ಯಾಟರಿ ಮುಟ್ಟಿಸಿದಾಗ ಮೋಟರು ವೈಸನ್ನೇ ಅಲುಗಿಸುವಂತೆ ಜಿಗಿಯಿತು. ಆ ಹೊಳಪಿನ ಗುರುತು ಎಲ್ಲಿಂದ ಬಂತೆಂದು ಓದುವ ವಿದ್ಯೆ ನನ್ನ ಕಣ್ಣಲ್ಲಿ ಯಾವ ಎಂಜಿನಿಯರಿಂಗ್ ಪದವಿಗೂ ಕಡಿಮೆಯದಲ್ಲ.

ಕಾನೂನು ಈ ಕಡೆಗೆ ಒಂದೆರಡು ಹೆಜ್ಜೆ ಇಟ್ಟಿದೆ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ, ರಿಟ್ ಎಂದು ಮುಂದಿನ ಮೆಟ್ಟಿಲು ಹತ್ತಿದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಉಪಕರಣಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಇವು ಬೇಕಾದ ಕೆಲಸಗಳೇ. ಆದರೆ ಎರಡೂ ಕಡೆ ಪ್ರಶ್ನೆ ಇರುವುದು ಸಾಮಾನು ಸಿಗುತ್ತದೆಯೇ, ಕೈಪಿಡಿ ಸಿಗುತ್ತದೆಯೇ ಎಂಬುದರ ಸುತ್ತ. ಕೈಪಿಡಿ ಓದಿ, ಅಳೆದು, ಇದಕ್ಕೆ ಸಾಮಾನೇ ಬೇಡ ಎಂದು ಹೇಳುವವನಿಗೆ ಕೂಲಿ ಎಲ್ಲಿಂದ ಬರಬೇಕು? ಅದನ್ನು ಯಾವ ಆಯೋಗವೂ ಕೊಡಿಸಲಾರದು.

ಬದಲಾಯಿಸುವವರ ವಾದಕ್ಕೂ ಬಲವಿದೆ. ಹೊಸ ಸೆಲ್ಫಿಗೆ ವಾರಂಟಿ ಇರುತ್ತದೆ, ಬಿಚ್ಚಿ ಕಟ್ಟಿದ್ದಕ್ಕೆ ಬಾಯಿಮಾತಿನ ಭರವಸೆಯಷ್ಟೇ. ಅಂಗಡಿಯಲ್ಲಿ ಸಿಗುವ ಬುಷ್, ಬ್ರಷ್‌ಗಳಲ್ಲಿ ಕಳಪೆ ಮಾಲು ಬೇಕಾದಷ್ಟಿದೆ. ರಾತ್ರಿ ಪಾಳಿಗೆ ಕಾರು ಓಡಿಸುವ ನರ್ಸಿಗೆ, ಬಾಡಿಗೆ ಓಡಿಸಿ ಕಂತು ಕಟ್ಟುವವರಿಗೆ ಗಾಡಿ ಎರಡು ದಿನ ನಿಂತರೆ ಆಗುವ ನಷ್ಟವೂ ನಷ್ಟವೇ. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆರ್ಮೇಚರಿನ ವೈಂಡಿಂಗ್ ಸುಟ್ಟು ವಾಸನೆ ಹೊಡೆಯುತ್ತಿದ್ದರೆ, ಕಮ್ಯುಟೇಟರಿನ ಪಟ್ಟಿ ಎದ್ದುಬಂದಿದ್ದರೆ, ಹಿಂದೆ ಯಾರೋ ಸುತ್ತಿಗೆಯಲ್ಲಿ ಬಡಿದು ಒಳಗಿನ ಆಯಸ್ಕಾಂತ ಸೀಳಿದ್ದರೆ ಹೊಸದು ಹಾಕಿಸುವುದೇ ಜಾಣತನ. ನನ್ನ ತಕರಾರು ಹೊಸ ಮೋಟರಿನ ಮೇಲಲ್ಲ, ಕಾರಣ ತಿಳಿಯದೆ ಹಾಕಿದ ಹೊಸ ಮೋಟರಿನ ಮೇಲೆ. ಅರ್ಥ್ ಪಟ್ಟಿ ತುಕ್ಕು ಹಿಡಿದಿರುವಾಗ ಹಾಕಿದ ಹೊಸ ಸೆಲ್ಫು ಮೊದಮೊದಲು ಹೇಗೋ ತಿರುಗುತ್ತದೆ. ಹಳೆಯದರಷ್ಟು ಸವೆದಿರುವುದಿಲ್ಲವಾದ್ದರಿಂದ ಕಡಿಮೆ ವೋಲ್ಟೇಜಿನಲ್ಲೂ ಏದುತ್ತ ಎಂಜಿನ್ ಎತ್ತುತ್ತದೆ. ಗಿರಾಕಿಗೆ ಗಾಡಿ ಸರಿಯಾಯಿತು ಎನ್ನಿಸುತ್ತದೆ, ಮೆಕ್ಯಾನಿಕ್‌ಗೆ ತನ್ನ ಊಹೆ ಸರಿಯೆಂದು ಖಾತ್ರಿಯಾಗುತ್ತದೆ. ಇಬ್ಬರೂ ತಪ್ಪು ಪಾಠ ಕಲಿತರು, ಮುಂದಿನ ಗಾಡಿಗೂ ಅದೇ ಮದ್ದು.

ನಮ್ಮ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಅಲ್ಲಿ ಸೆಲ್ಫ್ ಬಿಚ್ಚುವುದನ್ನು ಕಲಿತ ಹುಡುಗ ಕೆಲಸಕ್ಕೆ ಸೇರಿದ ಕಡೆ ದಿನಕ್ಕೆ ಎಷ್ಟು ಗಾಡಿ ಹೊರಗೆ ಕಳಿಸಿದ ಎಂಬುದರ ಮೇಲೆ ಅವನ ಬೆಲೆ ಕಟ್ಟಿದರೆ, ಕಲಿತದ್ದನ್ನು ಮರೆಯುವುದೇ ಅವನಿಗೆ ಲಾಭ. ಗ್ಯಾರೇಜುಗಳು ಬಿಲ್ಲಿನಲ್ಲಿ ‘ತಪಾಸಣೆ’ ಎಂದು ಬೇರೆಯೇ ಸಾಲು ಬರೆಯಲಿ, ಏನೂ ಬದಲಾಯಿಸದಿದ್ದರೂ ಆ ದುಡ್ಡು ತೆಗೆದುಕೊಳ್ಳಲಿ, ಬದಲಿಗೆ ಅಳೆದ ಅಂಕಿಗಳನ್ನು ಬರೆದುಕೊಡಲಿ. ಎಂಜಿನ್ ನಿಂತಾಗ ಬ್ಯಾಟರಿ ಎಷ್ಟು ವೋಲ್ಟ್, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯಿತು, ಅರ್ಥ್ ಕಡೆ ಎಷ್ಟು ಸೋರಿತು. ಮೂರು ಅಂಕಿ ಸಾಕು. ಗಿರಾಕಿಯೂ ಹೊಸ ಮೋಟರಿಗೆ ಒಪ್ಪುವ ಮುಂಚೆ ಅವನ್ನು ಕೇಳಲಿ, ತೆಗೆದ ಹಳೆಯದನ್ನು ಮನೆಗೆ ತರಲಿ. ಊರಲ್ಲಿ ವೈಂಡಿಂಗ್ ಅಂಗಡಿ ಇನ್ನೂ ಬಾಗಿಲು ಹಾಕಿರದಿದ್ದರೆ ಅದನ್ನು ಅಲ್ಲಿ ಬಿಚ್ಚಿಸಿ ನೋಡಲಿ, ನೋಡಿದ್ದಕ್ಕೆ ಅವರು ಕೇಳಿದ ದುಡ್ಡನ್ನು ಚೌಕಾಸಿ ಮಾಡದೆ ಕೊಡಲಿ.