ಮೆದುಳಿನ ಬಿಳಿಯ ಚುಕ್ಕೆಗಳು

ತಲೆನೋವಿನ ಕಾರಣದಿಂದಲೋ ತಲೆಸುತ್ತಿನ ಕಾರಣದಿಂದಲೋ ಎಂ.ಆರ್.ಐ. ಚಿತ್ರ ತೆಗೆಯಿಸಿಕೊಂಡ ವೃದ್ಧರ ವರದಿಯಲ್ಲಿ ‘ಶ್ವೇತದ್ರವ್ಯದಲ್ಲಿ ಸಣ್ಣ ಚುಕ್ಕೆಗಳು, ವಯೋಸಹಜ ಬದಲಾವಣೆ’ ಎಂಬ ಒಂದು ಸಾಲು ಇರುವುದುಂಟು. ಅದನ್ನೋದಿ ಮರೆವಿನ ರೋಗವೇ ಬಂದಿತೆಂದು ಎದೆಗುಂದುವವರು ಕೆಲವರು. ‘ವಯೋಸಹಜ’ವೆಂಬ ಮಾತನ್ನು ನೆಚ್ಚಿ ವರದಿಯನ್ನು ಪೆಟ್ಟಿಗೆಗೆ ಸೇರಿಸುವವರು ಹಲವರು. ಇಬ್ಬರದೂ ಸರಿಯಾದ ದಾರಿಯಲ್ಲವೆಂದು ನನ್ನ ಅಭಿಪ್ರಾಯ.

ಹಾಲೆಂಡಿನ ಪಂಡಿತರು 60ರಿಂದ 90 ವರ್ಷದೊಳಗಿನ 1,077 ಮಂದಿಯ ಮೆದುಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಇಂಥ ಚುಕ್ಕೆ ಒಂದೂ ಇಲ್ಲದವರು ನೂರಕ್ಕೆ ಐವರು ಮಾತ್ರ. ತಲೆಗೂದಲಿನಂತೆ ಮೆದುಳೂ ನರೆಯುತ್ತದೆ ಎನ್ನಬಹುದು. ಆದರೆ ಈ ಹೋಲಿಕೆಯನ್ನು ಬಹು ದೂರ ಎಳೆಯಲಾಗದು. ನರೆಗೂದಲಿನಿಂದ ಯಾರಿಗೂ ಕೇಡಿಲ್ಲ.

ಶ್ವೇತದ್ರವ್ಯವೆಂದರೆ ಮೆದುಳಿನ ಒಂದು ಭಾಗವನ್ನು ಮತ್ತೊಂದಕ್ಕೆ ಜೋಡಿಸುವ ನರತಂತುಗಳ ಕಟ್ಟು. ಅದರ ಆಳಕ್ಕೆ ರಕ್ತವನ್ನೊಯ್ಯುವ ಧಮನಿಗಳು ಬಹು ಸಪುರ, ಬಹು ನೀಳ. ರಕ್ತದ ಒತ್ತಡ ವರ್ಷಗಟ್ಟಲೆ ಏರಿಯೇ ಇದ್ದರೆ ಅವುಗಳ ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ತಂತುಗಳ ಮೇಲಣ ಕೊಬ್ಬಿನ ಹೊದಿಕೆ ಸವೆಯುತ್ತದೆ. ಹೀಗೆ ಸಡಿಲಗೊಂಡು ನೀರಿನಂಶ ಹೆಚ್ಚಿದ ತಾಣವೇ ಚಿತ್ರದಲ್ಲಿ ಬೆಳ್ಳಗೆ ಹೊಳೆಯುವುದು. ಅಲ್ಲೊಂದು ಇಲ್ಲೊಂದು ಚುಕ್ಕೆಯಿದ್ದರೆ ಚಿಂತೆಯಿಲ್ಲ. ಅವು ಒಂದರೊಡನೊಂದು ಕೂಡಿಕೊಂಡು ಹರಡಿದರೆ ನಡಿಗೆ ನಿಧಾನವಾಗಬಹುದು, ಯೋಚನೆ ತಡೆಯಬಹುದು. ಪಾರ್ಶ್ವವಾಯುವಿನ ಮತ್ತು ಮರೆವಿನ ರೋಗದ ಸಂಭವವೂ ಏರುತ್ತದೆ.

ಇದಕ್ಕೆ ಉಪಾಯವಿಲ್ಲವೆ? ಅಮೆರಿಕದಲ್ಲಿ ನಡೆದು 2019ರಲ್ಲಿ ವರದಿಯಾದ ಸ್ಪ್ರಿಂಟ್ ಪ್ರಯೋಗವನ್ನು ನೋಡಿರಿ. ಮೇಲಿನ ಒತ್ತಡವನ್ನು 140ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಸುಮಾರು ನಾಲ್ಕು ವರ್ಷಗಳಲ್ಲಿ ಬಿಳಿಯ ಕಲೆಗಳು 1.45 ಘನ ಸೆಂಟಿಮೀಟರಿನಷ್ಟು ಬೆಳೆದವು. 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ 0.92ರಷ್ಟು. ಬುದ್ಧಿಶಕ್ತಿಯ ಸೌಮ್ಯ ಕುಂದೂ ಈ ಎರಡನೆಯವರಲ್ಲಿ ಕಡಮೆ. ಪೂರ್ಣ ಮರೆವಿನ ರೋಗ ತಗ್ಗಿತೆಂದು ಮಾತ್ರ ಸಿದ್ಧವಾಗಲಿಲ್ಲ. (ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳಬಾರದು, ಒತ್ತಡ ಅತಿಯಾಗಿ ಇಳಿದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಮುದುಕರು ಅಪರೂಪವಲ್ಲ.)

ಆದಕಾರಣ ‘ವಯೋಸಹಜ’ವೆಂಬ ಒಂದೇ ಪದವನ್ನು ಬರೆದು ಕೈತೊಳೆದುಕೊಳ್ಳುವ ಪದ್ಧತಿ ನಿಲ್ಲಬೇಕು. ವರದಿಯನ್ನು ಕೈಗೆ ಕೊಡುವ ವೈದ್ಯರು ಆಗಲೇ ರೋಗಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯಲಿ; ಸಕ್ಕರೆ ರೋಗ, ಬೀಡಿ ಸಿಗರೇಟುಗಳ ವಿಚಾರ ಕೇಳಲಿ. ಚುಕ್ಕೆಗಳ ತೀವ್ರತೆಯನ್ನು ಸೊನ್ನೆಯಿಂದ ಮೂರರವರೆಗೆ ಗುರುತಿಸುವ ಫಜೇಕಸ್ ಮಾನ 1987ರಿಂದಲೂ ಬಳಕೆಯಲ್ಲಿದೆ. ಆ ಒಂದು ಅಂಕಿಯನ್ನು ವರದಿಯಲ್ಲಿ ಕಾಣಿಸುವುದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ವೆಚ್ಚವೂ ಇಲ್ಲ.