ಹಳೇದಾಯ್ತು ಎನ್ನುವುದು ರೋಗದ ಹೆಸರಲ್ಲ

"ಸರ್ ಇಲ್ವಾ ಮೇಡಂ?"

ನಮ್ಮ ಮನೆಯ ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗ ಬಾಗಿಲಲ್ಲೇ ಕೇಳಿದ ಮೊದಲ ಪ್ರಶ್ನೆ ಇದು. ಕಂಪ್ಯೂಟರ್ ನನ್ನದು. ಕೆಟ್ಟಿದೆ ಎಂದು ಫೋನು ಮಾಡಿದವಳು ನಾನು. ಅವನು ಬಂದು ಹೋದದ್ದಕ್ಕೆ 300 ರೂಪಾಯಿ ಕೊಡಬೇಕಾದವಳೂ ನಾನೇ. ಆದರೂ ಅವನಿಗೆ ವಿವರ ಹೇಳಲು ಒಬ್ಬರು ಸರ್ ಬೇಕು. ನಮ್ಮನೆಯವರೋ, ಆ ಯಂತ್ರದ ಗುಂಡಿ ಯಾವ ಕಡೆ ಇದೆ ಎಂಬುದನ್ನೂ ಅರಿಯದ ಪುಣ್ಯಾತ್ಮರು. "ಇದಾರೆ, ಹಿತ್ತಲಲ್ಲಿ ಬಾಳೆಗೊನೆ ಕಡೀತಿದಾರೆ, ಕರೀಲಾ?" ಎಂದೆ. ಹುಡುಗ ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಬಂದ.

2009ರಲ್ಲಿ ಮಗನ ಓದಿಗೆಂದು ಶಿವಮೊಗ್ಗದಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್ ಅದು. ಅವನು ಕೆಲಸ ಹಿಡಿದು ಬೆಂಗಳೂರಿಗೆ ಹೋದ ಮೇಲೆ ಅವನ ಸೈಕಲ್ಲು, ಕ್ರಿಕೆಟ್ ಬ್ಯಾಟುಗಳ ಹಾಗೆ ಇದೂ ಅಟ್ಟ ಸೇರುವುದರಲ್ಲಿತ್ತು. ನಾನು ಉಳಿಸಿಕೊಂಡೆ. ನುಡಿಯಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತೆ. ನಮ್ಮತ್ತೆ ಗೋಡೆಗೊರಗಿ ಕೂತು ಹೇಳಿದ ಮದುವೆ ಹಾಡು, ಹಸೆ ಹಾಡು, ಬೀಸುವಾಗಿನ ಹಾಡುಗಳನ್ನೆಲ್ಲ ಎರಡು ಮಳೆಗಾಲ ಕೂತು ಅದರೊಳಗೆ ತುಂಬಿದೆ. 140ಕ್ಕೂ ಹೆಚ್ಚಿವೆ. ಅತ್ತೆ ಈಗ ಇಲ್ಲ. ಆ ಹಾಡುಗಳು ಆ ಡಬ್ಬದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. (ಇನ್ನೊಂದು ಕಡೆ ಕಾಪಿ ಮಾಡಿಡಬಾರದಿತ್ತೇ ಎಂದು ಕೇಳುತ್ತೀರಿ. ಇಡಬೇಕಿತ್ತು. ಉಪ್ಪಿನಕಾಯಿಯನ್ನು ಎರಡು ಜಾಡಿಗೆ ಹಂಚಿಡುವ ನನಗೆ ಇದು ಹೊಳೆಯದೇ ಹೋಯಿತು.)

2023ರ ಡಿಸೆಂಬರಿನಲ್ಲಿ ಅದು ಹಟ ಹಿಡಿಯತೊಡಗಿತು. ಬೆಳಿಗ್ಗೆ ಕಾಫಿ ಮುಗಿಸಿ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಡುವುದು. ಕೆಲವು ದಿನ ಅದೂ ಇಲ್ಲ. ಐದಾರು ಸಲ ಒತ್ತಿದ ಮೇಲೆ ಯಾವಾಗಲೋ ಒಮ್ಮೆ ಹತ್ತಿಕೊಳ್ಳುವುದು. ಹತ್ತಿಕೊಂಡರೆ ರಾತ್ರಿಯವರೆಗೆ ತಕರಾರಿಲ್ಲ.

ಹುಡುಗ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಒತ್ತಿದ, ಮೊದಲ ಸಲಕ್ಕೇ ದೀಪ ಹೊತ್ತಿತು. "ಸರಿ ಇದೆಯಲ್ಲ ಮೇಡಂ! ನೀವು ಸರಿಯಾಗಿ ಒತ್ತಿರಲ್ಲ." ಹದಿನಾಲ್ಕು ವರ್ಷ ಒತ್ತಿದ ಬೆರಳು ಇದು! ಎರಡನೇ ಸಲವೂ ಮಧ್ಯಾಹ್ನವೇ ಬಂದ, ಆಗಲೂ ಹೊತ್ತಿತು. ಮೂರನೇ ಸಲ ಬೇಸರ ಬಂದಿರಬೇಕು, ಮುಚ್ಚಳವನ್ನೂ ತೆರೆಯದೆ ತೀರ್ಪು ಕೊಟ್ಟ: "ಬೋರ್ಡ್ ಹೋಗಿದೆ ಮೇಡಂ, ಹಳೇದಾಯ್ತು. ಈ ಬೋರ್ಡ್ ಈಗ ಸಿಗಲ್ಲ. ಎಕ್ಸ್‌ಚೇಂಜಿಗೆ ಕೊಟ್ಬಿಡಿ, 500 ರೂಪಾಯಿ ಕಳೀತೀವಿ. ಹೊಸದು 32 ಸಾವಿರಕ್ಕೆ ಮಾಡ್ಕೊಡ್ತೀನಿ." ಮಗನಿಗೆ ಫೋನು ಮಾಡಿದರೆ ಅವನದೂ ಅದೇ ಮಾತು, ಪ್ರೀತಿಯ ಲೇಪನ ಮಾತ್ರ ಹೆಚ್ಚು: "ಬಿಸಾಕಮ್ಮ ಅದನ್ನ, ಲ್ಯಾಪ್‌ಟಾಪ್ ಕೊಡಿಸ್ತೀನಿ."

ನನಗೆ ಸಿಟ್ಟು ಬಂದದ್ದು 32 ಸಾವಿರಕ್ಕಲ್ಲ. ಇಬ್ಬರಲ್ಲಿ ಒಬ್ಬನಾದರೂ "ಯಾವಾಗ ಹೀಗಾಗುತ್ತೆ?" ಎಂದು ಕೇಳಲಿಲ್ಲವಲ್ಲ, ಅದಕ್ಕೆ. ಬಂದು ಹೋಗುವ ತೊಂದರೆ ಏನೆಂದು ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಎದೆಯಲ್ಲಿ ಹಿಡಿದಂತಾಗುತ್ತದೆ ಎಂದು ಡಾಕ್ಟರ ಬಳಿ ಹೋದರೆ ಅಲ್ಲಿ ಎಲ್ಲ ಸರಿ ಇರುತ್ತದೆ. "ಏನಿಲ್ಲಮ್ಮ, ಯೋಚನೆ ಕಡಿಮೆ ಮಾಡಿ" ಎನ್ನುತ್ತಾರೆ. ಮನೆಗೆ ಬಂದರೆ ಮತ್ತೆ ಹಿಡಿಯುತ್ತದೆ. ನೋಡುವವರ ಕಣ್ಣಿಗೆ ಬೀಳದ ನೋವನ್ನು ಇಲ್ಲವೆಂದೇ ಲೆಕ್ಕ ಹಾಕುತ್ತಾರೆ; ಬಿದ್ದರೆ ವಯಸ್ಸಾಯಿತು ಎನ್ನುತ್ತಾರೆ. ಎರಡರಲ್ಲಿ ಯಾವುದೂ ರೋಗದ ಹೆಸರಲ್ಲ. ಹಳೆಯದಾದ ಮಾತ್ರಕ್ಕೆ ಯಾವ ವಸ್ತುವೂ ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ನೆಟ್ಟಗಾಗುವುದಿಲ್ಲ. ಅದಕ್ಕೊಂದು ಕಾರಣವಿರಬೇಕು, ಆ ಕಾರಣಕ್ಕೊಂದು ಜಾಗವಿರಬೇಕು.

ಕುಕ್ಕರ್ ಕೂಗದಿದ್ದರೆ ನಾವು ಅದನ್ನು ಗುಜರಿಗೆ ಹಾಕುತ್ತೇವೆಯೇ? ಮೊದಲು ಗ್ಯಾಸ್ಕೆಟ್ ನೋಡುತ್ತೇವೆ. ಆಮೇಲೆ ವೆಯ್ಟ್ ತೆಗೆದು ತೂತಿನಲ್ಲಿ ಅಗುಳು ಸಿಕ್ಕಿದೆಯೇ ಎಂದು ಊದುತ್ತೇವೆ. ನೀರು ಕಡಿಮೆಯಾಯಿತೇ, ಉರಿ ಸಾಲದೇ ಎಂದು ಒಂದೊಂದನ್ನೇ ತಳ್ಳಿಹಾಕುತ್ತೇವೆ. ಇದನ್ನೇ ಅಂಗಿಯ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು ಮಾಡಿದರೆ ಟೆಕ್ನಿಕಲ್ ಜ್ಞಾನ; ಸೆರಗು ಸಿಕ್ಕಿಸಿಕೊಂಡು ಮಾಡಿದರೆ ಅಡಿಗೆಮನೆ ಕೆಲಸ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾನು ಇದರ ಲೆಕ್ಕವನ್ನೂ ಇಟ್ಟೆ. ಹತ್ತದ ದಿನ ಒಂದು ಗೀಟು, ಪಕ್ಕದಲ್ಲಿ ಗಂಟೆ. ಒಂದು ತಿಂಗಳಿಗೆ 13 ಗೀಟು ಬಿದ್ದವು, ಎಲ್ಲವೂ ಬೆಳಿಗ್ಗೆ ಒಂಬತ್ತರ ಒಳಗೆ. ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ನಮ್ಮ ಮನೆಯ ಕಟ್ಟಳೆ. ಒಂದು ದಿನ ನೆಂಟರ ಗಲಾಟೆಯಲ್ಲಿ ಮರೆತೆ. ಮರುದಿನ, ಮೈ ಕೊರೆಯುವ ಚಳಿಯಲ್ಲೂ, ಒಂದೇ ಸಲಕ್ಕೆ ಹತ್ತಿತು. ನಾಲ್ಕು ರಾತ್ರಿ ಬೇಕೆಂದೇ ಆರಿಸದೆ ಬಿಟ್ಟೆ, ನಾಲ್ಕೂ ಬೆಳಿಗ್ಗೆ ಹತ್ತಿತು. ಮತ್ತೆ ಆರಿಸಿದೆ, ಮುಷ್ಕರ.

ಇಷ್ಟು ಗೊತ್ತಾದ ಮೇಲೆ ಸುಮ್ಮನಿರಲಾಗಲಿಲ್ಲ. ಕಂಪ್ಯೂಟರಿನ ಮುಂದಿರುವ ಗುಂಡಿ ನಮ್ಮ ದೀಪದ ಸ್ವಿಚ್ಚಿನಂಥದ್ದಲ್ಲ ಎಂಬುದು ಆಗ ತಿಳಿದದ್ದು. 1995ರಲ್ಲಿ ಬಂದ ಎಟಿಎಕ್ಸ್ ಎಂಬ ಪದ್ಧತಿಯಲ್ಲಿ ಗೋಡೆಯ ಸ್ವಿಚ್ ಹಾಕಿದ್ದಷ್ಟು ಹೊತ್ತೂ ಯಂತ್ರ ಒಂದು ಕಣ್ಣು ತೆರೆದೇ ಮಲಗಿರುತ್ತದೆ. 5 ವೋಲ್ಟಿನ ಸಣ್ಣ ಧಾರೆ ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತುವುದೆಂದರೆ ಒಂದು ಅರ್ಜಿ ಕೊಟ್ಟಂತೆ. ಮದರ್‌ಬೋರ್ಡ್ ಆ ಅರ್ಜಿಯನ್ನು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ, ಅಂದರೆ ಹಿಂಬದಿಯ ಕರೆಂಟಿನ ಪೆಟ್ಟಿಗೆಗೆ, ದಾಟಿಸುತ್ತದೆ. ಪೆಟ್ಟಿಗೆ ಎದ್ದು ತನ್ನ ವೋಲ್ಟೇಜುಗಳೆಲ್ಲ ನೆಟ್ಟಗಿವೆಯೇ ನೋಡಿಕೊಂಡು, ಅರ್ಧ ಸೆಕೆಂಡಿನೊಳಗೆ "ಎಲ್ಲ ಸರಿ" ಎಂಬ ಸಂಕೇತ ಕಳಿಸಬೇಕು. ಕಳಿಸದಿದ್ದರೆ ಕೆಲಸ ಮುಂದುವರಿಯುವುದಿಲ್ಲ. ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುವುದರ ಗುಟ್ಟು ಇಲ್ಲೆಲ್ಲೋ ಇತ್ತು.

ಮೊದಲು ವೈರನ್ನು ಫ್ರಿಜ್ಜಿನ ಪ್ಲಗ್ಗಿಗೆ ಹಾಕಿ ನೋಡಿದೆ, ಅದೇ ರಾಗ. ಪ್ಲಗ್ಗು ಕಿತ್ತು, ಕಬ್ಬಿಣದ ಮೈ ಮುಟ್ಟಿ ಕೈ ನಿಶ್ಚಿಂತೆ ಮಾಡಿಕೊಂಡು ಮುಚ್ಚಳ ಬಿಚ್ಚಿದೆ. ಒಂದು ಮೊರದಷ್ಟು ಧೂಳು! ಮೆತ್ತನೆಯ ಬ್ರಷ್ಷಿನಲ್ಲಿ ತೆಗೆದೆ. ರ‍್ಯಾಮ್ ಪಟ್ಟಿಯನ್ನು ಬಿಡಿಸಿ ಅದರ ಚಿನ್ನದ ಬಣ್ಣದ ಅಂಚನ್ನು ಮೊಮ್ಮಗಳ ರಬ್ಬರಿನಿಂದ ಉಜ್ಜಿ ಕೂರಿಸಿದೆ. ಮುಂದಿನ ಗುಂಡಿಯೇ ಸವೆದಿದ್ದರೆ? ಅದರಿಂದ ಬೋರ್ಡಿಗೆ ಬರುವ ಎರಡು ಎಳೆಗಳನ್ನು ಕಳಚಿ, ಆ ಎರಡು ಮೊಳೆಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದೆ. ಅಲ್ಲಿ ಓಡುವುದು ಸಣ್ಣ ವೋಲ್ಟೇಜು, ಹೊಡೆಯುವುದಿಲ್ಲ. ಆಗಲೂ ಬೆಳಿಗ್ಗೆ ಹತ್ತಲಿಲ್ಲ. ಗುಂಡಿಯ ತಪ್ಪೂ ಅಲ್ಲ, ಹುಡುಗ ಹೇಳಿದ ನನ್ನ ಬೆರಳಿನ ತಪ್ಪೂ ಅಲ್ಲ ಎಂದಾಯಿತು. ಅಲ್ಲಿಗೆ ನಿಲ್ಲಿಸಿದೆ. ಕರೆಂಟಿನ ಪೆಟ್ಟಿಗೆಯನ್ನು ನೀವೂ ಬಿಚ್ಚಬೇಡಿ; ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಪೆಟ್ಟು ಕೊಡುವಷ್ಟು ವಿದ್ಯುತ್ ಕೂತಿರುತ್ತದೆ.

ನಮ್ಮ ಪೇಟೆಯಲ್ಲಿ ಮೊದಲು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ಅವರ ಅಂಗಡಿಗೆ ಹೋದೆ. ಅವರು ಕನ್ನಡಕ ಏರಿಸಿ ಗೀಟುಗಳನ್ನೆಲ್ಲ ನೋಡಿ, "ಸ್ವಿಚ್ ಆರಿಸದ ದಿನ ಹತ್ತುತ್ತೆ ಅಂತೀರಲ್ಲ ಅಮ್ಮ, ಅರ್ಧ ರಿಪೇರಿ ನೀವೇ ಮಾಡಿದೀರಿ. ನಾನು ಯಾವಾಗ ಬರ್ಲಿ?" ಎಂದರು. "ಬೆಳಿಗ್ಗೆ ಏಳೂವರೆಗೆ" ಎಂದೆ. ಏಳೂವರೆಗೇ ಬಂದರು, ಮಫ್ಲರ್ ಸುತ್ತಿಕೊಂಡು. ಕೆಟ್ಟ ಹೊತ್ತಿಗೆ ಬಂದು ನೋಡಿದವರು ಅವರೊಬ್ಬರೇ.

ಬೋರ್ಡಿನ ಸಂಬಂಧವನ್ನೇ ಕಳಚಿ, ಪೆಟ್ಟಿಗೆಗೆ ಹಳೆಯ ಸಿಡಿ ಡ್ರೈವನ್ನು ಮಾತ್ರ ಜೋಡಿಸಿಟ್ಟು, ಒಂದು ತುಂಡು ತಂತಿ ಕೇಳಿದರು. ಕೈಗೆ ಸಿಗದೆ ನನ್ನ ಹೇರ್‌ಪಿನ್ ಕೊಟ್ಟೆ. ಅದರ ಬಣ್ಣ ಕೆರೆದು ಹಸಿರು ತಂತಿಯ ತೂತಿಗೂ ಕಪ್ಪು ತಂತಿಯ ತೂತಿಗೂ ಸೇತುವೆ ಹಾಕಿ ಕರೆಂಟು ಕೊಟ್ಟರು. ಪೆಟ್ಟಿಗೆಯ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. "ಬೋರ್ಡ್ ಇಲ್ಲದೇನೂ ಇದೇ ಕತೆ. ಬೋರ್ಡಿಗೂ ಇದಕ್ಕೂ ಸಂಬಂಧ ಇಲ್ಲ" ಎಂದರು. ಸಂಜೆ ತಮ್ಮ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಿದರು. ಕಿರುಬೆರಳ ತುದಿಯಷ್ಟು ದೊಡ್ಡ ಕೆಪಾಸಿಟರ್, ಕೆಟ್ಟ ಹಾಲಿನ ಪ್ಯಾಕೆಟ್ಟಿನ ಹಾಗೆ ತಲೆ ಉಬ್ಬಿತ್ತು. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವ ಸೀಲಿಂಗ್ ಫ್ಯಾನು ನೋಡಿದ್ದೀರಲ್ಲ, ಅದರ ಕಂಡೆನ್ಸರಿಗೆ ಇದು ದೂರದ ನೆಂಟ. ಇದರೊಳಗೆ ಒಂದು ದ್ರವ ಇರುತ್ತದೆ. ವರ್ಷಗಳು ಕಳೆದಂತೆ ಅದು ಆರುತ್ತದೆ, ಚಳಿಗೆ ಇನ್ನೂ ಸೋಮಾರಿಯಾಗುತ್ತದೆ. ಬೆಚ್ಚಗಿದ್ದರೆ ಹೇಗೋ ಏಳುತ್ತದೆ. ಗೋಡೆಯ ಸ್ವಿಚ್ ಹಾಕಿಟ್ಟ ರಾತ್ರಿಗಳಲ್ಲಿ ಆ 5 ವೋಲ್ಟಿನ ಧಾರೆಯೇ ಅದಕ್ಕೆ ಕಂಬಳಿ. ನನ್ನ ಕ್ಯಾಲೆಂಡರ್ ಹೇಳಿದ್ದೂ ಅದನ್ನೇ. ಹೊಸ ಪೆಟ್ಟಿಗೆಗೆ 950, ಅವರ ಕೂಲಿ 200. 2009ರ ಯಂತ್ರಕ್ಕೆ ಅಂಗಡಿಯಲ್ಲಿದ್ದ ಹೊಸ ಪೆಟ್ಟಿಗೆ ಸರಿಯಾಗಿ ಕೂತಿತು. ಅಳತೆಗಳೆಲ್ಲ ಅದೇ ಎಟಿಎಕ್ಸ್‌ನವು. ಬಿಡಿಭಾಗ ಸಿಗದು ಎಂಬ ಮಾತು ಅಷ್ಟರ ಮಟ್ಟಿಗೆ ಸುಳ್ಳು.

ಬಳಸುವವರ ಮೇಲೆ ತಪ್ಪು ಹೊರಿಸುವ ಚಾಳಿ ನಮ್ಮೂರ ಹುಡುಗನೊಬ್ಬನದೇ ಅಲ್ಲ ಎಂಬುದು ಒಂದು ಸಮಾಧಾನ. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಟ್ಟ ಕೆಪಾಸಿಟರುಗಳಿಂದಾಗಿ ಜಗತ್ತಿನ ತುಂಬ ಕಂಪ್ಯೂಟರುಗಳು ಹಾಳಾದವು. ಆಗ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಯಂತ್ರಗಳೂ ಕೆಟ್ಟವು. ಮಾರಿದ ದೊಡ್ಡ ಕಂಪನಿ ಕೊಟ್ಟ ಕಾರಣ ಏನು ಗೊತ್ತೇ? ಕಷ್ಟದ ಲೆಕ್ಕ ಮಾಡಿಸಿ ಯಂತ್ರವನ್ನು ದಣಿಸಿದಿರಿ ಎಂದು! 2010ರಲ್ಲಿ ಕೋರ್ಟಿನ ಕಾಗದಗಳು ಹೊರಬಿದ್ದಾಗ ಇದು ಪತ್ರಿಕೆಗೆ ಬಂತು. ಗಣಿತದ ಪ್ರೊಫೆಸರುಗಳಿಗೇ ಹೀಗೆಂದ ಮೇಲೆ ಹಸೆ ಹಾಡು ಟೈಪು ಮಾಡುವವಳ ಪಾಡೇನು?

ಹೆಂಗಸಿಗೆ ಮೆಷೀನು ಅರ್ಥವಾಗದು ಎನ್ನುವವರಿಗೆ ಒಂದು ಹಳೆಯ ವಿಷಯ ಹೇಳಬೇಕು. 1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವುಗಳಿದ್ದವು. ನಮ್ಮ ಹಳೆಯ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವು. ಅದನ್ನು ಲೆಕ್ಕಕ್ಕೆ ಅಣಿಗೊಳಿಸಿದವರು ಆರು ಜನ ಹುಡುಗಿಯರು. ಅವರಿಗೆ ಯಾರೂ ಕೈಪಿಡಿ ಕೊಟ್ಟಿರಲಿಲ್ಲ. ನಕ್ಷೆಗಳನ್ನು ಓದಿ ಕಲಿತರು. ಕೆಟ್ಟರೆ ಯಾವ ವಾಲ್ವಿನ ಸುತ್ತಮುತ್ತ ತೊಂದರೆ ಎಂದು ಬೆರಳಿಟ್ಟು ತೋರಿಸುವಷ್ಟು ಪಳಗಿದ್ದರು. ಆದರೂ ಅವರಿಗೆ ಸಲ್ಲಬೇಕಾದ ಮನ್ನಣೆ ಸಿಗುವುದಕ್ಕೆ ದಶಕಗಳೇ ಬೇಕಾದವು.

ಹಳೆಯದನ್ನೆಲ್ಲ ತಬ್ಬಿಕೊಂಡು ಕೂರಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಯಂತ್ರದಲ್ಲಿರುವ ವಿಂಡೋಸ್ 7ಕ್ಕೆ ರಕ್ಷಣೆಯ ಅಪ್‌ಡೇಟುಗಳು 2020ರ ಜನವರಿಗೇ ನಿಂತವು. ಹಾಗಾಗಿ ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ, ಬ್ಯಾಂಕಿನ ಕೆಲಸ ಅದರಲ್ಲಿ ಮಾಡುವುದಿಲ್ಲ. ಬೋರ್ಡೇ ಸುಟ್ಟಿದ್ದರೆ ನಾನೇ ಬೀಳ್ಕೊಡುತ್ತಿದ್ದೆ. ಆದರೆ ಬೀಳ್ಕೊಡುವ ಮುಂಚೆ ಯಾವ ಭಾಗ ಕೆಟ್ಟಿದೆ ಎಂದು ಹೆಸರಿಟ್ಟು ಹೇಳಲಿ. 500 ರೂಪಾಯಿಗೆ ಕೊಟ್ಟ ಯಂತ್ರ ಎಲ್ಲಿ ಹೋಗುತ್ತದೆ? ತಾಮ್ರಕ್ಕಾಗಿ ತಂತಿ ಸುಡುವವರ ಕೈಗೆ ಸಿಕ್ಕರೆ ಆ ಹೊಗೆ ಯಾರ ಮಕ್ಕಳ ಎದೆಗೆ? ಇ-ತ್ಯಾಜ್ಯಕ್ಕೆ ನಮ್ಮಲ್ಲಿ 2012ರ ಮೇ ತಿಂಗಳಿಂದ ನಿಯಮಗಳಿವೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯನ್ನೂ ನೇಮಿಸಿತು. ಒಳ್ಳೆಯದೇ. ಆದರೆ ಹಕ್ಕು ನನ್ನದಾಗುವುದು ಬಾಗಿಲಿಗೆ ಬಂದವನು ನನ್ನನ್ನೇ ಪ್ರಶ್ನೆ ಕೇಳಿದಾಗ.

ಹುಡುಗನ ಮೇಲೆ ನನಗೆ ದ್ವೇಷವಿಲ್ಲ. ಹೊಸದು ಮಾರಿದರೆ ಅವನಿಗೆ ಕಮಿಷನ್, ಕೂತು ಕಾರಣ ಹುಡುಕಿದರೆ ಧಣಿಯ ಬೈಗುಳ. ದಾರಿಯಲ್ಲಿ ಸಿಕ್ಕಾಗ "ಹೊಸ ಸಿಸ್ಟಂ ತಗೊಂಡ್ರಾ ಮೇಡಂ?" ಎಂದು ಕೇಳಿದ. ಎಸ್‌ಎಂಪಿಎಸ್‌ನ ಕೆಪಾಸಿಟರ್ ಉಬ್ಬಿತ್ತು ಎಂದೆ. ನಂಬಿದನೋ ಇಲ್ಲವೋ, "ಸರ್ ಹೇಳಿದ್ರಾ?" ಎಂದ.

ಹಾಡುಗಳನ್ನು ಈಗ ಎರಡು ಪೆನ್ ಡ್ರೈವಿಗೆ ತುಂಬಿಸಿ, ಒಂದನ್ನು ಮಗನ ಮನೆಯಲ್ಲಿ, ಒಂದನ್ನು ನಾದಿನಿಯ ಮನೆಯಲ್ಲಿ ಇಟ್ಟಿದ್ದೇನೆ. ಒಂದು ಪ್ರತಿ ಪ್ರಿಂಟ್ ತೆಗೆಸುವಾಗ ಅತ್ತೆ ಅರ್ಧಕ್ಕೆ ನಿಲ್ಲಿಸಿದ್ದ ಒಂದು ಹಾಡು ಕಣ್ಣಿಗೆ ಬಿತ್ತು. ಅಂದು ಕರೆಂಟು ಹೋಗಿತ್ತು, ನಾಳೆ ಹೇಳ್ತೀನಿ ಅಂದಿದ್ದರು. ಉಳಿದ ಸಾಲು ನಾದಿನಿಗೆ ನೆನಪಿರಬಹುದು. ಭಾನುವಾರ ಬರುತ್ತಾಳೆ, ಕೇಳಬೇಕು.